ಹೊಗೆ ಬಂತು, ಕಿಟಕಿ ಮುಚ್ಚಿ

ನಿನ್ನೆ ಸಂಜೆ ಕತ್ತಲಾದ ಮೇಲೆ ನಮ್ಮ ಬೀದಿಗೆ ಫಾಗಿಂಗ್ ಗಾಡಿ ಬಂತು. ಸದ್ದು ಕೇಳಿದ್ದೇ ತಡ, ಸಾಲು ಮನೆಗಳ ಕಿಟಕಿಗಳೆಲ್ಲ ಧಡಧಡನೆ ಮುಚ್ಚಿಕೊಂಡವು. ಹೊಗೆ ರಸ್ತೆಯಲ್ಲೇ ಉಳಿಯಿತು, ಸೊಳ್ಳೆ ಮಂಚದ ಕೆಳಗೆ ಆರಾಮವಾಗಿ ಉಳಿಯಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯೊಳಗೆ ಪರದೆ, ಬಟ್ಟೆಗಳ ಮರೆಯಲ್ಲಿ ಕೂರುವಂಥದ್ದು ಮತ್ತು ಹಗಲಿನಲ್ಲಿ ಕಚ್ಚುವಂಥದ್ದು ಎಂದು ನಾನು ಹೇಳಹೊರಟರೆ, ‘ಮೇಷ್ಟ್ರು ಮತ್ತೆ ಪಾಠ ಶುರು ಮಾಡಿದರು’ ಎನ್ನುತ್ತೀರಿ. ಅನ್ನಿ.

ಹೊಗೆಗೆ ಸಾಯುವುದು ಆ ಕ್ಷಣದಲ್ಲಿ ಹಾರಾಡುತ್ತಿರುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿಗಳಿಗೆ ಅದು ತಾಗುವುದೂ ಇಲ್ಲ, ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆಗಳಂತೂ ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತುಂಬಿದೊಡನೆ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು. ಇದು ಗಾಡಿಯಿಂದ ಆಗುವ ಕೆಲಸವಲ್ಲ, ಮನೆಯೊಳಗೆ ಬಂದು ಬಗ್ಗಿ ನೋಡುವವರಿಂದ ಆಗುವ ಕೆಲಸ.

ಹಾಗೆ ನೋಡುವವರು ಕಳೆದ ವಾರ ಬಂದಿದ್ದರು. ಆಶಾ ಕಾರ್ಯಕರ್ತೆಯೊಬ್ಬರು ಟಾರ್ಚ್ ಹಿಡಿದು ನಮ್ಮ ಫ್ರಿಜ್ ಹಿಂದಿನ ತಟ್ಟೆಯನ್ನೆಳೆದು ತೋರಿಸಿದಾಗ, ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತಿದ್ದ ಮರಿಗಳು ಬೆಳಕು ಬಿದ್ದೊಡನೆ ಪುಳಕ್ಕನೆ ತಳಕ್ಕಿಳಿದವು. ಪಕ್ಕದ ಮನೆಯವರು ಮಾತ್ರ ‘ನಮ್ಮಲ್ಲೇನೂ ಇಲ್ಲ, ಹೋಗಮ್ಮ’ ಎಂದು ಆಕೆಯನ್ನು ಗೇಟಿನಿಂದಲೇ ಸಾಗಹಾಕಿದರು. ಫಾಗಿಂಗ್ ಬೇಕೆಂದು ಫೋನಿನ ಮೇಲೆ ಫೋನು ಮಾಡಿದ ಮಹಾನುಭಾವರೂ ಅವರೇ!

ಸೋಂಕು ಹೆಚ್ಚಿದಾಗ ರೋಗಿಯ ಮನೆಯ ಸುತ್ತ ಬಾಗಿಲು ಕಿಟಕಿ ತೆರೆಸಿ ಔಷಧಿ ಹೊಡೆದರೆ ಉಪಯೋಗವುಂಟು, ನಿಜ. ನಿನ್ನೆ ನಡೆದದ್ದು ಅದಲ್ಲ, ಮೆರವಣಿಗೆ. ಜನರಿಗೆ ಧೈರ್ಯ ಬರುತ್ತದೆ ಎಂಬ ವಾದವೂ ಇದೆ. ಧೈರ್ಯವೇ ಬೇಕಿದ್ದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬರಲಿ, ವ್ಯಾಯಾಮವೂ ಆಗುತ್ತದೆ. ಮೊಮ್ಮಗಳ ಪ್ಲೇಟ್‌ಲೆಟ್ ಇಳಿಯುತ್ತಿದ್ದ ರಾತ್ರಿಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ನನಗೆ ಈ ಹೊಗೆಯ ಧೈರ್ಯ ಸಾಲುವುದಿಲ್ಲ.

ಪ್ಲೇಗಿನಿಂದ ಪಾಠ ಕಲಿತ ಊರು ನಮ್ಮ ಮೈಸೂರು. 1903ರಲ್ಲೇ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡ್ ಕಟ್ಟಿ, ಗಾಳಿ ಬೆಳಕಿನ ಬಡಾವಣೆಗಳನ್ನು ಮಾಡಿದವರು ನಮ್ಮ ಹಿರಿಯರು. ಈಗಲೂ ಕಾನೂನಿಗೆ ಕೊರತೆಯಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ, ಖಾಲಿ ನಿವೇಶನಗಳಿಗೆ 2000 ರೂಪಾಯಿ ದಂಡ ಗೊತ್ತುಮಾಡಿತು. ದಿನ ಬಿಟ್ಟು ದಿನ ನೀರು ಬಿಡುವ ಬೀದಿಯಲ್ಲಿ ಡ್ರಮ್ಮು ತುಂಬಿಟ್ಟುಕೊಂಡವರಿಗೆ ದಂಡ ಹಾಕುವುದು ಎಷ್ಟು ನ್ಯಾಯವೋ ಕಾಣೆ. ಆದರೆ ನಮ್ಮೆದುರಿನ ಖಾಲಿ ಸೈಟಿನಲ್ಲಿ ಎಳನೀರು ಬುರುಡೆ, ಹಳೆಯ ಟೈರುಗಳಲ್ಲಿ ಮಳೆನೀರು ನಿಂತು ಹುಳುಗುಟ್ಟುತ್ತಿದೆಯಲ್ಲ, ಅದಕ್ಕೇಕೆ ದಂಡವಿಲ್ಲ ಎಂದು ವಿಚಾರಿಸಿದೆ. ಮಾಲೀಕರು ಬೆಂಗಳೂರಿನಲ್ಲಿದ್ದಾರಂತೆ, ವಿಳಾಸ ಸಿಕ್ಕಿಲ್ಲವಂತೆ. ಕಂದಾಯದ ನೋಟಿಸು ಮಾತ್ರ ಪ್ರತಿ ವರ್ಷ ಅವರಿಗೆ ಹೇಗೆ ತಲುಪುತ್ತದೋ, ತಿಳಿದವರು ಹೇಳಿ.