ಕಲಿಯೋ ನಾಟಕಕ್ಕೆ ಆರು ತಿಂಗಳು

ಎಲ್‌ಎಲ್, ಅಂದ್ರೆ ಗಾಡಿ ಕಲಿಯೋಕೆ ಕೊಡೋ ಲರ್ನರ್ ಲೈಸೆನ್ಸ್, ತಗೊಂಡ್ಮೇಲೆ ಬೈಕ್ ಕಲಿತೋರನ್ನ ನಾನಂತೂ ಇದುವರೆಗೂ ನೋಡಿಲ್ಲ. ನಮ್ ಕಡೆ ಕ್ರಮನೇ ಬೇರೆ. ಮೊದ್ಲು ಅಪ್ಪ ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದಾಗ ಮೆಲ್ಲಗೆ ಕೀ ಎತ್ಕೊಂಡು ಹೋಗ್ಬೇಕು, ಲೇಔಟಲ್ಲಿ ಖಾಲಿ ಸೈಟುಗಳ ಸುತ್ತ ಸುತ್ತಬೇಕು, ಯಾರೋ ಮನೆ ಕಟ್ಟೋಕೆ ಸುರಿದಿರೋ ಜಲ್ಲಿ ಮೇಲೆ ಒಂದ್ಸಲ ಬೀಳ್ಬೇಕು, ಮೊಣಕಾಲಿಗೆ ಅರಿಶಿನ ಹಚ್ಕೊಂಡು 'ಕಬಡ್ಡಿ ಆಡ್ವಾಗ ಬಿದ್ದೆ' ಅನ್ಬೇಕು, ಆಮೇಲೆ ಎರಡು ವರ್ಷ ಹಾಲು, ಮೊಸರು, ಕೊತ್ತಂಬರಿ ಸೊಪ್ಪು ಅಂತ ಮನೆಯೋರೇ ಗಾಡಿ ಕೊಟ್ಟು ಕಳಿಸ್ಬೇಕು, ಇಷ್ಟೆಲ್ಲ ಆದ್ಮೇಲೆ ಒಂದಿನ ಸರ್ಕಲಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದಾಗ 'ಹೌದಲ್ವಾ, ಲೈಸೆನ್ಸ್ ಅಂತ ಒಂದಿರತ್ತೆ' ಅಂತ ಇಡೀ ಮನೆಗೆ ಜ್ಞಾನೋದಯ ಆಗತ್ತೆ. ಅಲ್ಲಿಂದ ಶುರು ನೋಡಿ, ಸರ್ಕಾರ ಮತ್ತು ಪ್ರಜೆ ಇಬ್ರೂ ಸೇರಿ ಆಡೋ ಕಲಿಯೋ ನಾಟಕ. ಗಾಡಿ ಓಡಿಸೋಕೆ ಚೆನ್ನಾಗಿ ಬರೋ ಹುಡುಗ ನಂಗೆ ಬರಲ್ಲ, ಕಲಿಯೋಕೆ ಅನುಮತಿ ಕೊಡಿ ಅಂತ ಅರ್ಜಿ ಹಾಕ್ತಾನೆ. ಅರ್ಜಿ ಹಾಕೋಕೆ ಅವನು ಗಾಡಿ ಮೇಲೇ ಬಂದಿದಾನೆ ಅಂತ ಗೊತ್ತಿರೋ ಸರ್ಕಾರ, ಆಯ್ತಪ್ಪ ಆರು ತಿಂಗಳಲ್ಲಿ ಕಲ್ತ್ಕೋ ಅನ್ನತ್ತೆ.

ಈ ನಾಟಕದ ಡೈಲಾಗೆಲ್ಲ ಬರ್ದಿರೋದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ. ಅದರ 3ನೇ ನಿಯಮ ಓದಿ, ನಗು ಬರ್ಲಿಲ್ಲ ಅಂದ್ರೆ ಹೇಳಿ. ಎಲ್‌ಎಲ್ ಇರೋನು ಗಾಡಿ ಓಡಿಸ್ಬೇಕಾದ್ರೆ ಡಿಎಲ್ (ಪೂರ್ತಿ ಡ್ರೈವಿಂಗ್ ಲೈಸೆನ್ಸ್) ಇರೋ ಒಬ್ಬ ಗುರು ಜೊತೆಲಿರ್ಬೇಕು, ಸುಮ್ನೆ ಇದ್ರೆ ಸಾಲದು, ಗಾಡಿನ ಕಂಟ್ರೋಲ್ ಮಾಡೋಕೋ ನಿಲ್ಸೋಕೋ ಆಗೋ ಜಾಗದಲ್ಲಿ ಕೂತಿರ್ಬೇಕು. ಕಾರಿಗಾದ್ರೆ ಒಪ್ಪೋಣ, ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಪಕ್ಕದ ಸೀಟಿಗೂ ಬ್ರೇಕ್ ಇರತ್ತೆ. ಬೈಕಿಗೂ ಇದೇ ರೂಲ್ಸು! ಹಿಂದೆ ಕೂತಿರೋ ಗುರುಗಳ ಕೈಗೆ ಸಿಗೋದು ಶಿಷ್ಯನ ಭುಜ ಒಂದೇ, ಅದನ್ನ ಹಿಂಡಿದ್ರೆ ಗಾಡಿ ನಿಲ್ಲಲ್ಲ, ಇನ್ನೂ ಸ್ವಲ್ಪ ಆಕ್ಸಿಲರೇಟರ್ ತಿರುಗತ್ತೆ. 'ಬ್ರೇಕ್ ಹಿಡಿಯೋ, ಬ್ರೇಕ್ ಹಿಡಿಯೋ ಲೋ' ಅಂತ ಕಿವಿ ಹತ್ರ ಕಿರುಚೋದನ್ನೇ ಕಂಟ್ರೋಲ್ ಅಂತ ಲೆಕ್ಕಕ್ಕೆ ತಗೊಂಡಿದಾರೋ ಏನೋ.

ಇನ್ನು ಎಲ್ ಬೋರ್ಡು. ಬಿಳಿ ಬೋರ್ಡು ಕಮ್ಮಿ ಅಂದ್ರೂ 18 ಸೆಂಟಿಮೀಟರ್ ಚೌಕ ಇರ್ಬೇಕು, ಅದರೊಳಗೆ ಕೆಂಪು ಎಲ್ ಅಕ್ಷರ 10 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪ, ಬುಡದಲ್ಲಿ 9 ಸೆಂಟಿಮೀಟರ್ ಅಗಲ, ಗಾಡಿ ಹಿಂದೂ ಮುಂದೂ ಎರಡೂ ಕಡೆ. ನಮ್ಮ ರಸ್ತೆಲಿರೋ ಗುಂಡಿಗಳ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಟೇಪ್ ಹಿಡಿದೋರನ್ನ ನಾನ್ ನೋಡಿಲ್ಲ. ಹೋಗ್ಲಿ, ಒಂದು ಸ್ಪ್ಲೆಂಡರ್ ಮುಂದುಗಡೆ ಅಷ್ಟಗಲದ ಬೋರ್ಡನ್ನ ಎಲ್ಲಿ ಕಟ್ತೀರ? ಹೆಡ್‌ಲೈಟ್ ಮೇಲೇ ಕಟ್ಬೇಕು. ಇವನು ಕಲಿಯೋನು ಅಂತ ಎದುರಿಗೆ ಬರೋರಿಗೆ ಚೆನ್ನಾಗಿ ಗೊತ್ತಾಗತ್ತೆ, ಎದುರಿಗೆ ಯಾರು ಬರ್ತಿದಾರೆ ಅಂತ ಕಲಿಯೋನಿಗೆ ಮಾತ್ರ ಗೊತ್ತಾಗಲ್ಲ.

(ಇನ್ನೊಂದು ಮಜಾ ಇದೆ, ಹೇಳದೇ ಇರೋಕಾಗ್ತಿಲ್ಲ. 16 ತುಂಬಿದ ಮಕ್ಳು 50 ಸಿಸಿ ಒಳಗಿರೋ ಗಾಡಿ ಓಡಿಸ್ಬೋದು ಅಂತ ಕಾನೂನಲ್ಲಿ ಈಗ್ಲೂ ಇದೆ. ಶೋರೂಮಿಗೆ ಹೋಗಿ 50 ಸಿಸಿ ಗಾಡಿ ತೋರ್ಸಿ ಅಂತ ಕೇಳಿ ನೋಡಿ, ಸೇಲ್ಸ್ ಹುಡುಗ ನಿಮಗೆ ನೀರು ಕೊಟ್ಟು ಕೂರಿಸ್ತಾನೆ. ಲೂನಾ ಮೊಪೆಡ್ ಕಾಲದ ಮಕ್ಕಳಿಗೆ ಬರೆದ ಕಾನೂನು, ಲೂನಾ ಹೋಯ್ತು, ಆ ಮಕ್ಕಳಿಗೂ ಮಂಡಿ ನೋವು ಬಂತು, ಕಾನೂನು ಮಾತ್ರ ಹಂಗೇ ಇದೆ.)

ಅರ್ಜಿ ಜೊತೆ ಫಾರಂ 1 ಅಂತ ಒಂದು ಆರೋಗ್ಯದ ಡಿಕ್ಲರೇಷನ್ ಕೊಡ್ಬೇಕು. 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಕಾಣತ್ತಾ ಅಂತ ಅದ್ರಲ್ಲೊಂದು ಪ್ರಶ್ನೆ. ಬೆಂಗಳೂರಲ್ಲಿ ಮುಂದಿನ ಕಾರು 25 ಮೀಟರ್ ದೂರ ಇದ್ರೆ ಅಲ್ವಾ ಸ್ವಾಮಿ ಕಾಣೋದು, ಅಷ್ಟು ಜಾಗ ಬಿಟ್ರೆ ಮಧ್ಯ ಮೂರು ಆಟೋ, ಒಂದು ಬಿಎಂಟಿಸಿ ತೂರ್ಕೊಂಡು ಬರತ್ತೆ. ಹಾರ್ನ್ ಕೇಳಿಸ್ದೇ ಇರೋವಷ್ಟು ಕಿವುಡಾ ಅಂತಾನೂ ಕೇಳ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ಕಲ್ಲಿ ಒಂದು ವರ್ಷ ಓಡಾಡಿದೋರು ಹೌದು ಅಂತ ಟಿಕ್ ಹಾಕ್ಬೇಕಾಗತ್ತೆ.

ಮೊದ್ಲೆಲ್ಲ ಎಲ್‌ಎಲ್ ಟೆಸ್ಟಿಗೆ ಆರ್‌ಟಿಒ ಆಫೀಸಿಗೇ ಹೋಗ್ಬೇಕಿತ್ತು, ಈಗ ಆಧಾರ್ ಇದ್ರೆ ಕೂತಲ್ಲೇ ಬರೀಬೋದು. ಕೂತಲ್ಲೇ ಅಂದ್ರೆ ಸೈಬರ್ ಸೆಂಟರಲ್ಲಿ. ಮೊದ್ಲು ರಸ್ತೆ ಸುರಕ್ಷತೆ ವಿಡಿಯೋ ಓಡತ್ತೆ, ಅದು ಓಡೋ ಅಷ್ಟೊತ್ತು ಹುಡುಗ ಪಕ್ಕದ ಅಂಗಡೀಲಿ ಟೀ ಕುಡೀತಾನೆ. ಆಮೇಲೆ ಟೆಸ್ಟು. 'ನೀನ್ ಸುಮ್ನೆ ಕ್ಯಾಮೆರಾ ನೋಡ್ತಿರು ತಮ್ಮಾ, ಅಲ್ಲಾಡ್ಬೇಡ, ಮೌಸ್ ನಾನ್ ನೋಡ್ಕೋತೀನಿ' ಅಂತಾನೆ ಸೆಂಟರಿನೋನು. ಮುಖ ಇವನದು, ತಲೆ ಅವನದು, ಪಾಸಾಗೋಕೆ ಬೇಕಿರೋದು 60 ಪರ್ಸೆಂಟು. ದಿನಾ ಇಷ್ಟು ಜನಕ್ಕೆ ಟೆಸ್ಟ್ ಬರೆದು ಬರೆದು ಇಡೀ ರಾಜ್ಯದಲ್ಲಿ ಟ್ರಾಫಿಕ್ ರೂಲ್ಸು ಬಾಯಿಪಾಠ ಬರೋರು ಅಂದ್ರೆ ಈ ಸೈಬರ್ ಸೆಂಟರಿನೋರು ಮಾತ್ರ, ನ್ಯಾಯವಾಗಿ ಲೈಸೆನ್ಸ್ ಅವ್ರಿಗೇ ಕೊಡ್ಬೇಕು. ಪ್ರಶ್ನೆಗಳಾದ್ರೂ ಎಂಥವು! ಒನ್ ವೇ ರಸ್ತೇಲಿ ಏನ್ ಮಾಡ್ಬಾರ್ದು ಅಂತ ಒಂದಿದೆ, ಸರಿ ಉತ್ತರ ರಿವರ್ಸ್ ಗೇರಲ್ಲಿ ಓಡಿಸ್ಬಾರ್ದು ಅಂತ. ರಿವರ್ಸ್ ಗೇರೇ ಇಲ್ಲದ ಬೈಕಿಗೆ ಲೈಸೆನ್ಸ್ ಕೇಳೋ ಹುಡುಗ ಇದಕ್ಕೆ ಸರಿ ಉತ್ತರ ಕೊಟ್ಟು ಪಾಸಾಗ್ತಾನೆ, ಪಾಸಾದ ಖುಷೀಲಿ ಅದೇ ಒನ್ ವೇಲಿ ಉಲ್ಟಾ ನುಗ್ಗಿಸ್ಕೊಂಡು ಮನೆಗೆ ಹೋಗ್ತಾನೆ. ಫಸ್ಟ್ ಗೇರಲ್ಲೇ ಹೋಗ್ತಾನೆ, ಹಂಗಾಗಿ ತಪ್ಪಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ, ಎಕ್ಸ್‌ಪೈರಿ. ಎಲ್‌ಎಲ್‌ಗೆ ಆರು ತಿಂಗಳು ಆಯಸ್ಸು, ಅದ್ರಲ್ಲಿ ಮೊದಲ 30 ದಿನ ಡಿಎಲ್ ಟೆಸ್ಟಿಗೆ ಬಿಡಲ್ಲ, ಉಳಿದ ಐದು ತಿಂಗಳು ಬೇಕಾದಷ್ಟಾಯ್ತಲ್ಲ ಅಂತ ಅನ್ಸತ್ತೆ. ನಮ್ಮಕ್ಕನ ಮಗಂಗೂ ಹಂಗೇ ಅನ್ಸಿತ್ತು. ಮೇ ತಿಂಗಳಲ್ಲಿ ಎಲ್‌ಎಲ್ ಬಂತು. 30 ದಿನ ಕಳೀತು, ಅಷ್ಟೊತ್ತಿಗೆ ಇಂಟರ್ನಲ್ಸು. ಇಂಟರ್ನಲ್ಸ್ ಮುಗೀತು, ಆಷಾಢ, ಅಜ್ಜಿ ಬೇಡ ಅಂದ್ರು. ಶ್ರಾವಣದಲ್ಲಿ ಒಂದು ವಾರ ಬಿಡುವಿತ್ತು, ಸರ್ವರ್ ಡೌನ್. ಗಣಪತಿ ಹಬ್ಬಕ್ಕೆ ಚಂದಾ ಎತ್ತೋದು, ಅದಂತೂ ಬಿಡೋ ಹಂಗಿಲ್ಲ, ಅದಕ್ಕೆ ಇಡೀ ಏರಿಯಾ ಸುತ್ತಿದ್ದು ಇದೇ ಬೈಕಲ್ಲಿ. ಆಮೇಲೆ ಪಿತೃಪಕ್ಷ, ಅಜ್ಜಿ ಮತ್ತೆ ಬೇಡ ಅಂದ್ರು. ದಸರಾಕ್ಕೆ ಆಫೀಸೇ ರಜ. ಅಕ್ಟೋಬರ್ ಕೊನೇಲಿ ಒಂದಿನ ಎಲ್‌ಎಲ್ ತೆಗೆದು ನೋಡ್ತಾನೆ, ಕೊನೇ ವಾರ ಹತ್ರ ಬಂದು ಕೂತಿದೆ. ಆನ್‌ಲೈನಲ್ಲಿ ಸ್ಲಾಟ್ ನೋಡಿದ್ರೆ ಎಲ್‌ಎಲ್ ಮುಗಿಯೋವರೆಗೂ ಎಲ್ಲ ಫುಲ್ಲು, ಮುಗಿದ ಮೂರನೇ ದಿನದಿಂದ ಬೇಕಾದಷ್ಟು ಖಾಲಿ.

ಎಕ್ಸ್‌ಪೈರ್ ಆದ್ರೆ ಏನಾಗತ್ತೆ ಗೊತ್ತಲ್ಲ? ಮತ್ತೆ ಹೊಸ ಎಲ್‌ಎಲ್, ಮತ್ತೆ ಫೀಸು, ಮತ್ತೆ ಅದೇ ವಿಡಿಯೋ, ಅದೇ ಟೀ, ಅದೇ ಮೌಸು, ಮತ್ತೆ 30 ದಿನ ಕಾಯೋದು. ಅಂದ್ರೆ ಕಾನೂನಿನ ಲೆಕ್ಕದಲ್ಲಿ ಕೊನೇ ದಿನ ರಾತ್ರಿ 11:59ರವರೆಗೂ ಹುಡುಗಂಗೆ ಸ್ಟಾಪ್ ಬೋರ್ಡ್ ಅಂದ್ರೇನು ಅಂತ ಗೊತ್ತಿರತ್ತೆ, 12 ಹೊಡೆದ ತಕ್ಷಣ ಮರ್ತೋಗತ್ತೆ. ಡಿಎಲ್ ಟೆಸ್ಟಲ್ಲಿ ಫೇಲಾದ್ರೆ 7 ದಿನ ಬಿಟ್ಟು ಬರ್ಬೇಕು, ಮೂರು ಸಲ ಫೇಲಾದ್ರೆ 60 ದಿನ ಆ ಕಡೆ ತಲೆ ಹಾಕಂಗಿಲ್ಲ, ಅಷ್ಟರಲ್ಲಿ ಎಲ್‌ಎಲ್ ಸತ್ತಿರತ್ತೆ. 'ಮಾಮ, ಏನಾದ್ರೂ ಮಾಡಿ' ಅಂತ ಬಂದ. ನಾನೇನ್ ಮಾಡ್ಲಿ. ಮಾಡೋನು ಆಫೀಸ್ ಎದ್ರು ಜೆರಾಕ್ಸ್ ಅಂಗಡಿ ಪಕ್ಕ ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಕೂತಿದ್ದ. ನಾವು ಬಾಯಿ ಬಿಡೋಕ್ ಮುಂಚೆನೇ 'ಎಕ್ಸ್‌ಪೈರಿ ಯಾವತ್ತು ಸಾರ್?' ಅಂದ. ಟೆಸ್ಟಿಗೆ ಸರ್ಕಾರದ ಫೀಸು 300 ರೂಪಾಯಿ, ಅವನ ರೇಟು ಕೇಳ್ಬೇಡಿ, ಒಂದು ಸೊನ್ನೆ ಜಾಸ್ತಿ ಹಾಕ್ಕೊಳ್ಳಿ. ವೆಬ್‌ಸೈಟಲ್ಲಿ ನಮಗೆ ಕಾಣ್ದೇ ಇದ್ದ ಸ್ಲಾಟು ಅವನ ಮೊಬೈಲಲ್ಲಿ ಕಾಣ್ತು. ಕ್ಯಾನ್ಸಲೇಷನ್ ಅಂತೆ.

ಟೆಸ್ಟಂದ್ರೆ ಎಂಟು ಹಾಕೋದು, ಅಂದ್ರೆ 8ರ ಆಕಾರದಲ್ಲಿ ಗಾಡಿ ಸುತ್ತಿಸೋದು. ನಿಯಮದಲ್ಲಿ ದೊಡ್ಡ ಪಟ್ಟಿನೇ ಇದೆ, ಕನ್ನಡಿ ನೋಡ್ಕೋಬೇಕು, ಸಿಗ್ನಲ್ ಕೊಡ್ಬೇಕು, ಓವರ್‌ಟೇಕ್ ಮಾಡ್ಬೇಕು, ಜಂಕ್ಷನ್ ದಾಟ್ಬೇಕು ಅಂತೆಲ್ಲ. ಗ್ರೌಂಡಲ್ಲಿ ನಡೆಯೋದು ಎಂಟು, ಕಾಲು ಊರ್ಬಾರ್ದು, ಮುಗೀತು. ಮಲ್ಲತ್ತಹಳ್ಳಿ ಕಡೆ ಸೆನ್ಸರ್ ಹಾಕಿರೋ ಟ್ರ್ಯಾಕ್ ಮಾಡಿದಾರೆ, ಮನುಷ್ಯ ಕಣ್ಣು ಮುಚ್ಚಬೋದು ಮೆಷಿನ್ ಮುಚ್ಚಲ್ಲ, ಒಳ್ಳೇದೇ, ಆದ್ರೆ ಮೆಷಿನ್ ಇಟ್ರೂ ಗೆರೆ ಎಳೆದ ಟ್ರ್ಯಾಕು ಟ್ರ್ಯಾಕೇ. ಎದುರಿಗೆ ಹಸು ಇಲ್ಲ, ನೀರಿನ ಟ್ಯಾಂಕರ್ ಇಲ್ಲ, ಡೋರ್ ತೆಗೆಯೋ ಕ್ಯಾಬ್ ಇಲ್ಲ. ಆ ಟೆಸ್ಟಲ್ಲಿ ಬರದೇ ಇರೋದೆಲ್ಲ ಗೇಟಿಂದ ಹೊರಗೆ ಬಂದ ಮೊದಲ ನಿಮಿಷದಲ್ಲೇ ಸಿಗತ್ತೆ.

ಬುಲೆಟ್ ತಂದೋರ ಪಾಡು ಕೇಳ್ಬೇಡಿ, ಆ ಭಾರದ ಗಾಡೀಲಿ ಎಂಟು ಬರಲ್ಲ, ಅದಕ್ಕೇ ಗೇಟ್ ಹತ್ರ ಬಾಡಿಗೆಗೆ ಸಣ್ಣ ಗಾಡಿ ರೆಡಿ ಇರತ್ತೆ. ಬಣ್ಣ ಯಾವ್ದು ಅಂತ ಗೊತ್ತಾಗದ ಒಂದು ಹಳೇ 100 ಸಿಸಿ, ಹಿಂದಿನ ಬ್ರೇಕ್ ಇದ್ಯೋ ಇಲ್ವೋ ಅನುಮಾನ, ಆದ್ರೆ ಎಂಟಿನ ದಾರಿ ಅದಕ್ಕೇ ಗೊತ್ತು, ಗಾಣದೆತ್ತು ಸುತ್ತಿದಂಗೆ ತಾನೇ ಸುತ್ಕೊಂಡು ಬರತ್ತೆ. ಆ ಗಾಡೀಲಿ ಪಾಸಾದೋನು ಮಾರನೇ ದಿನ 1340 ಸಿಸಿ ಹಯಬೂಸ ತಗೊಂಡು ನೈಸ್ ರೋಡ್ ಹತ್ತಿದ್ರೂ ಲೈಸೆನ್ಸ್ ಪ್ರಕಾರ ಏನೂ ತಕರಾರಿಲ್ಲ, ಗೇರ್ ಇರೋ ಬೈಕು ಅಂದ್ರೆ ಗೇರ್ ಇರೋ ಬೈಕು, ಅಷ್ಟೇ.

ಅವತ್ತು ಲೈನಲ್ಲಿ ನಮ್ ಮುಂದೆ ಒಬ್ರು ಟೀಚರ್ ಇದ್ರು, ನಲವತ್ತೈದರ ಆಸುಪಾಸು. ಆ ಇಡೀ ಗ್ರೌಂಡಲ್ಲಿ ನಿಜವಾಗ್ಲೂ ಎಲ್‌ಎಲ್ ತಗೊಂಡು, ಗಂಡನ್ನ ಹಿಂದೆ ಕೂರಿಸ್ಕೊಂಡು, ರೂಲ್ಸ್ ಪ್ರಕಾರ ಕಲಿತೋರು ಅವ್ರೊಬ್ರೇ ಅನ್ಸತ್ತೆ, ಹೇಳಿದ್ನಲ್ಲ ಅಂಥೋರನ್ನ ನೋಡಿಲ್ಲ ಅಂತ, ಅವ್ರನ್ನ ಬಿಟ್ಟು. ಹೆಲ್ಮೆಟ್ ಸ್ಟ್ರಾಪ್ ಹಾಕಿದ್ರು. ಸ್ಟಾರ್ಟ್ ಮಾಡಿ ಕನ್ನಡಿ ಸರಿ ಮಾಡ್ಕೊಂಡ್ರು, ಇಂಡಿಕೇಟರ್ ಹಾಕಿದ್ರು, ಬಲಗಡೆ ಎಡಗಡೆ ನೋಡಿದ್ರು, ಹಿಂದಿದ್ದ ಹುಡುಗ್ರೆಲ್ಲ ಕಿಸಕ್ ಅಂದ್ರು. ಎಂಟಿನ ಎರಡನೇ ತಿರುವಲ್ಲಿ ಎಡಗಾಲು ಒಂಚೂರು ನೆಲಕ್ಕೆ ತಾಗ್ತು. 'ಮೇಡಂ, ಕಾಲು ಊರಿದ್ರಿ. ಏಳು ದಿನ ಬಿಟ್ಟು ಬನ್ನಿ' ಅಂದ್ರು ಬ್ರೇಕ್ ಇನ್‌ಸ್ಪೆಕ್ಟ್ರು. ಅವ್ರ ಹಿಂದೆ ಬಂದೋನು ಹೆಲ್ಮೆಟ್ಟನ್ನ ಮೊಣಕೈಗೆ ಸಿಗಿಸ್ಕೊಂಡಿದ್ದ, ಒಂದೇ ಉಸಿರಿಗೆ ಎಂಟು ಹೊಡೆದು, ಕೊನೇಲಿ ಮುಂದಿನ ಚಕ್ರ ಒಂಚೂರು ಎತ್ತಿ ಇಳಿಸ್ದ. ಪಾಸು.

ನಮ್ಮೋನೂ ಪಾಸಾದ. ಎಲ್‌ಎಲ್‌ಗೆ ಇನ್ನೂ ಎರಡು ದಿನ ಜೀವ ಇತ್ತು. ಅಕ್ಕಂಗೆ ಫೋನ್ ಮಾಡಿ 'ಮಮ್ಮಿ, ಇನ್ಮೇಲೆ ಬೈಕ್ ಓಡಿಸ್ಬೋದು' ಅಂದ, ಆ ಕಡೆಯಿಂದ 'ಸರಿ, ಬರ್ತಾ ಹಾಲು ತಗೊಂಡ್ ಬಾ' ಅಂತ ಬಂತು. ಹೊರಡೋಣ ಅಂತ ಗಾಡಿ ಹತ್ರ ಬಂದ್ರೆ ಏಜೆಂಟ್ ಮೊಣಕಾಲೂರಿ ಕೂತು ನಂಬರ್ ಪ್ಲೇಟ್ ಹತ್ರ ಏನೋ ಕೆರೀತಿದ್ದ. ನೋಡಿದ್ರೆ ಎಲ್ ಸ್ಟಿಕ್ಕರು, ಬೆಳಿಗ್ಗೆ ಅವನೇ ಅಂಟಿಸಿದ್ದು, ನಾಲ್ಕು ಮೂಲೆ ಸುಕ್ಕಾಗಿ ಗಮ್ಮೆಲ್ಲ ಹೋಗಿದ್ರೂ ಉಗುರಲ್ಲಿ ಜೋಪಾನವಾಗಿ ಬಿಡಿಸ್ತಿದ್ದ. 'ಇದು ನಂದು ಸಾರ್, ದಿನಕ್ಕೆ ಇಪ್ಪತ್ತು ಗಾಡಿಗೆ ಹಾಕ್ತೀನಿ' ಅಂದೋನೇ ಪಕ್ಕದಲ್ಲಿದ್ದ ಪಲ್ಸರ್‌ಗೆ ಅಂಟಿಸಿ, ಮೇಲೆ ಎರಡು ಏಟು ತಟ್ಟಿ, 'ಬಾ ತಮ್ಮಾ, ನೆಕ್ಸ್ಟ್ ನೀನೇ' ಅಂದ.