ಕೋಡ್ ಅಳಿಸಿದರೆ ಕಾರು ರಿಪೇರಿಯಾಗುವುದಿಲ್ಲ

‘ಬ್ಲೂಟೂತ್ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿ, ಚೆಕ್ ಎಂಜಿನ್ ದೀಪ ಆರಿದರೆ ಗ್ಯಾರೇಜೇ ಬೇಡ’ ಎಂಬ ಸಂದೇಶ ಕಾರವಾರ, ಕುಮಟಾ, ಶಿರಸಿ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ದಯವಿಟ್ಟು ಮುಂದೆ ಕಳಿಸಬೇಡಿ. ಕೋಡ್ ಅಂದರೆ ಕಾರಿನ ಕಂಪ್ಯೂಟರ್ ಬರೆದಿಡುವ ದೋಷದ ಗುರುತು, ಸ್ಕ್ಯಾನರ್ ಅದನ್ನು ಫೋನಿನಲ್ಲಿ ತೋರಿಸುತ್ತದೆ. ಅಳಿಸಿಹೋಗುವುದು ಆ ದಾಖಲೆ, ದೋಷವಲ್ಲ. ದೋಷ ಉಳಿದಿದ್ದರೆ ದೀಪ ಮತ್ತೆ ಹತ್ತುತ್ತದೆ. ಜೊತೆಗೆ, ಕೋಡ್ ಬಿದ್ದ ಕ್ಷಣದ ಆರ್‌ಪಿಎಂ (ಎಂಜಿನ್ ತಿರುಗುವ ವೇಗ), ಎಂಜಿನ್ ಬಿಸಿ ಎಲ್ಲ ಇರುವ ಫ್ರೀಜ್ ಫ್ರೇಮ್ ಎಂಬ ದಾಖಲೆ ಕೂಡ ಹೋಗುತ್ತದೆ. ಮೆಕ್ಯಾನಿಕ್‌ಗೆ ಬೇಕಾದದ್ದೇ ಅದು! ಮೊದಲು ಕೋಡ್ ಮತ್ತು ಫ್ರೀಜ್ ಫ್ರೇಮ್ ಎರಡರ ಫೋಟೊ ತೆಗೆದಿಡಿ.

ಕೋಡ್ ನೋಡಿದ ಕೂಡಲೇ ಬಿಡಿಭಾಗ ಕೊಳ್ಳಲೂ ಬೇಡಿ. ಪಿ0171 ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದಷ್ಟೇ: ಬಿರುಕುಬಿಟ್ಟ ಗಾಳಿ ಪೈಪ್, ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿರುವುದು, ಸೋತ ಇಂಧನ ಪಂಪ್, ಯಾವುದೂ ಇರಬಹುದು. ಕರಾವಳಿಯಲ್ಲಿ ಉಪ್ಪುಗಾಳಿಗೆ ಕಿಲುಬು ಹಿಡಿದ ಕನೆಕ್ಟರ್‌ಗಳನ್ನೂ ನೋಡಿ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಮಿಸ್‌ಫೈರ್, ಅಂದರೆ ಎಂಜಿನ್‌ನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಹಾಗೇ ದೇವಿಮನೆ ಘಟ್ಟ ಹತ್ತಿಸಿದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾದೀತು. ಕೆಂಪು ಆಯಿಲ್ ದೀಪ ಹತ್ತಿದರಂತೂ ಸ್ಕ್ಯಾನರ್ ಹುಡುಕಬೇಡಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.