ಮೂರೇ ಸ್ವರ ಬರುವವನಿಗೂ ಒಂದು ಸಾಲು

ಹಾಸನದ ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವಾಗ ನನಗೆ ಮೇಷ್ಟ್ರು ಹೇಳಿದ್ದು ಒಂದೇ ಮಾತು: 'ನೀನು ಸುಮ್ನೆ ಬಾಯಾಡಿಸು ಸಾಕು.' ಈಗ ಜರ್ಮನಿಯಲ್ಲಿ ಮಗಳ ರೆಕಾರ್ಡರ್ ಕ್ಲಾಸ್ ನೋಡುವಾಗೆಲ್ಲ ಅದು ನೆನಪಾಗುತ್ತದೆ.

ರೆಕಾರ್ಡರ್ ಅಂದರೆ ನೆಟ್ಟಗೆ ಹಿಡಿದು ಊದುವ ಎಂಟು ತೂತಿನ ಕೊಳಲು. ಅಲ್ಲಿನ ಟೀಚರ್ ಜರ್ಮನ್ ಸಂಗೀತಗಾರ ಬಾಖ್‌ನ ಕೃತಿಯನ್ನು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು, ಅಂದರೆ ಮೇಲಿನ ದನಿಯಿಂದ ಕೆಳಗಿನ ದನಿವರೆಗೆ, ಸುಮ್ಮನೆ ಹಂಚುವುದಿಲ್ಲ. ಬಿ, ಎ, ಜಿ ಮೂರೇ ಸ್ವರ ಬರುವ ಹುಡುಗನಿಗೆ ಆ ಮೂರರಲ್ಲೇ ಒಂದು ಸಾಲು ಬರೆದುಕೊಡುತ್ತಾರೆ. (ಬಿ ಸ್ವರವನ್ನು ಜರ್ಮನ್ನರು 'ಹಾ' ಅಂತಾರೆ. ನನಗಿನ್ನೂ ಅಭ್ಯಾಸ ಆಗಿಲ್ಲ.)

ಕಳೆದ ರಜೆಗೆ ನಾಲ್ಕು ರೆಕಾರ್ಡರ್ ಹೊತ್ತು ಊರಿಗೆ ಬಂದೆ. ಸಂಗೀತ ಪಾಠಕ್ಕೆ ಹೋಗುವ ನಮ್ಮ ಬೀದಿಯ ಮಕ್ಕಳಿಗೆ ಪುರಂದರದಾಸರ ಪಿಳ್ಳಾರಿ ಗೀತೆ (ಕಲಿಕೆಯ ಶುರುವಿನ ಗಣಪತಿ ಹಾಡು) ಕೂಡಿಸಿಕೊಡೋಣ ಅಂತ. ರಾಗ ಮಲಹರಿ. ಸಿ ಸ್ವರವನ್ನು ಷಡ್ಜ, ಅಂದರೆ 'ಸ' ಮಾಡಿಕೊಂಡೆ, ಕೆಟ್ಟೆ! ಶುದ್ಧ ರಿಷಭಕ್ಕೆ ('ರಿ') ಕೊನೆಯ ಜೋಡಿ ತೂತಿನಲ್ಲಿ ಒಂದನ್ನಷ್ಟೇ ಮುಚ್ಚಬೇಕು. ಪುಟ್ಟ ಬೆರಳುಗಳಿಗೆ ಆಗಲಿಲ್ಲ, ಬರೀ ಕೀರಲು.

ರಾತ್ರಿ ಕೂತು ಷಡ್ಜವನ್ನು ಇ ಸ್ವರಕ್ಕೆ ಏರಿಸಿದೆ. ಆರೋಹಣ ಇ, ಎಫ್, ಎ, ಬಿ, ಸಿ, ಮತ್ತೆ ಇ. ಎಲ್ಲವೂ ಸಾದಾ ಸ್ವರ. ಇಳಿಯುವಾಗ ಗಾಂಧಾರ ('ಗ') ಒಂದೇ ತಕರಾರು, ಅದು ಜಿ ಶಾರ್ಪ್, ಜಿಗಿಂತ ಅರ್ಧ ಸ್ವರ ಮೇಲೆ. ಗೀತೆಯ ಶುರುವಿನ 'ಶ್ರೀ ಗಣನಾಥ' ಎನ್ನುವಷ್ಟರಲ್ಲೇ ತಾರಸ್ಥಾಯಿ ರಿಷಭ, ಅಂದರೆ ಮೇಲಿನ 'ರಿ' ಬಂದುಬಿಡುತ್ತದೆ. ಅದನ್ನು ದೊಡ್ಡವರಿಬ್ಬರಿಗೆ ಕೊಟ್ಟೆ. 'ಲಂಬೋದರ ಲಕುಮಿಕರ' ಕೆಳಗೇ ಓಡಾಡುತ್ತದೆ, ಅದು ಎಲ್ಲರಿಗೂ. ತೀರಾ ಚಿಕ್ಕವನಿಗೆ ಪಂಚಮ ('ಪ') ಮಾತ್ರ, ತಂಬೂರಿಯ ಹಾಗೆ. ಜೋರಾಗಿ ಊದಿದರೆ ಶ್ರುತಿ ಏರುತ್ತದೆ. ಅವನಿಗೆ ಅದನ್ನು ಹಿಡಿದಿಡುವುದೇ ದೊಡ್ಡ ಕೆಲಸವಾಯಿತು.

ಪಾಠದ ಅಮ್ಮನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. 'ಸರಳೆ, ಜಂಟಿ ಎಲ್ಲ ಆಗಲಿ, ಆಮೇಲೆ ಗೀತೆ' ಎಂದರು. ಸರಳೆ, ಜಂಟಿ ಅಂದರೆ ಮೊದಲ ಸ್ವರಾಭ್ಯಾಸಗಳು. ಅವರ ಮಾತಲ್ಲೂ ಹುರುಳಿದೆ. ರುದ್ರಪಟ್ಟಣದಂಥ ಸಂಗೀತದ ಊರು ಇರುವ ಜಿಲ್ಲೆ ಇದು, ಆ ಕ್ರಮದಲ್ಲೇ ಬೆಳೆದದ್ದು. ಇಲ್ಲಿನ ಮಕ್ಕಳು ಮೊದಲು ಹಾಡಿ, ತೊಡೆ ಮೇಲೆ ತಾಳ ಹಾಕಿ, ಆಮೇಲೆ ಊದಿದರು. ನನ್ನ ಮಗಳು ಸ್ವರ ಬರೆದ ಹಾಳೆ ಇಲ್ಲದೆ ಎರಡು ಸಾಲು ದಾಟಲಿಲ್ಲ. ಊದಿದ್ದನ್ನು ಹಾಡು ಅಂದರೆ ಮುಖ ನೋಡಿದಳು.

ಆದರೂ ಗೀತೆಗಾಗಿ ಮಕ್ಕಳನ್ನು ಕಾಯಿಸಬೇಕೇ ಅನ್ನುವ ವಿಚಾರದಲ್ಲಿ ನಾನು ಜರ್ಮನಿ ಟೀಚರ್ ಕಡೆಯೇ. ಗಮಕ (ಸ್ವರವನ್ನು ಬಳುಕಿಸುವುದು) ಬರದಿದ್ದರೆ ಬೇಡ, ಉದ್ದ ಸ್ವರ ಊದಲಿ. ಪಂಚಮದ ಹುಡುಗ ಆ ಸಂಜೆ ಉಸಿರು ಕದಿಯುವ ಜಾಗವನ್ನೂ ತಾನೇ ಹುಡುಕಿಕೊಂಡ, ಪಕ್ಕದವಳು ಊದುವಾಗ.